ಎದುರು ಕಿಟಕಿಗೆ ಹಗ್ಗದ ಟಪಾಲು

ನಾಲ್ಕು, ಸೋಮವಾರ. ಬೆಳಿಗ್ಗೆ ಹತ್ತು.

ಈ ಪುಸ್ತಕ ತೆರೆದವರು ಯಾರೇ ಆಗಿರಲಿ, ಮುಚ್ಚಿ ಇದ್ದಲ್ಲೇ ಇಡಿ. ಕೈಗೆ ಕೆಲಸವಿಲ್ಲದಿದ್ದರೆ ಹೋಗಿ ಬಚ್ಚಲು ತೊಳೆಯಿರಿ. ಸೊಸೆಯೇ, ನಿನ್ನನ್ನೂ ಸೇರಿಸಿಯೇ ಹೇಳಿದ್ದು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ ನೋಡಿ ನಗಲು ಇದೇನು ಸಿನಿಮಾ ಅಲ್ಲ.

ಇಂದಿನ ಕೆಲಸ — ಸೋಪಿನ ಚೂರುಗಳನ್ನು ಕಾಲುಚೀಲದಲ್ಲಿ ತುಂಬಿ ನಲ್ಲಿಗೆ ಕಟ್ಟಿದೆ. ಜಾರುವುದಿಲ್ಲ, ಬಗ್ಗುವುದೂ ಬೇಡ. ಸ್ನಾನಕ್ಕೆ ಹೋದ ಮಗ ಒಳಗಿನಿಂದಲೇ, “ಅಮ್ಮಾ, ನನ್ನ ಸಾಕ್ಸ್ ಇಲ್ಲಿ ನೇತಾಡ್ತಿದೆ.”

“ಒಂಟಿ ಸಾಕ್ಸು. ಜೋಡಿ ಕಳೆದವನು ನೀನೇ ತಾನೆ?”

ಎಂಟೂವರೆಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ. ಇನ್ನು ಸಂಜೆ ಏಳರವರೆಗೆ ಈ ಮನೆಯಲ್ಲಿ ಮಾತಾಡುವುದು ಫ್ರಿಜ್ಜು ಒಂದೇ.

ಐದು, ಮಂಗಳವಾರ.

ಎದುರು ಕಟ್ಟಡದ ಟೈಪಿಸ್ಟಮ್ಮನ ಕಿವಿ ಪೂರ್ತಿ ಹೋಯಿತು. ಆರು ವರ್ಷದಿಂದ ದಿನಾ ನಾಲ್ಕು ಗಂಟೆಗೆ ಅವಳ ಕಿಟಕಿ, ನನ್ನ ಕಿಟಕಿ, ನಡುವೆ ಎಂಟು ಮೊಳದ ಓಣಿ. ಇಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕೆಳಗಿನ ಕಟಿಂಗ್ ಶಾಪಿನವನು ತಲೆ ಎತ್ತಿ, “ನಂಗೆ ಕೇಳಿಸ್ತು ಅಜ್ಜಿ. ಮೊಣಕಾಲು ನೋವು, ಗೊತ್ತಾಯ್ತು” ಎಂದ. ಕೇಳಬೇಕಾದವಳು ನಕ್ಕು, ಕೈಯಾಡಿಸಿ ಒಳಗೆ ಹೋದಳು. ಇಬ್ಬರದೂ ಮೂರನೇ ಮಹಡಿ. ಲಿಫ್ಟ್ ಇಲ್ಲ. ಮೆಟ್ಟಿಲು ಅವಳಿಗೂ ಆಗದು, ನನಗೂ ಆಗದು. ಮೊಬೈಲು... ಒತ್ತುವುದೊಂದು, ಬರುವುದೊಂದು. ಬೇಡ.

ಒಂಬತ್ತು, ಶನಿವಾರ.

ಟೈರಿಲ್ಲದ ಎರಡು ಸೈಕಲ್ ಚಕ್ರ. ಒಂದು ನನ್ನ ಕಿಟಕಿಯ ಸರಳಿಗೆ, ಒಂದು ಅವಳದಕ್ಕೆ. ಎರಡನ್ನೂ ಸುತ್ತಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ. ಹಗ್ಗಕ್ಕೆ ಟಿಫಿನ್ ಡಬ್ಬಿ, ಡಬ್ಬಿಯೊಳಗೆ ಚೀಟಿ. ಚಕ್ರ ತಿರುಗಿಸಿದರೆ ಡಬ್ಬಿ ಆ ಕಡೆ. ಮಗ ಎರಡೂ ಕಟ್ಟಡ ಹತ್ತಿಳಿದು ಬಿಗಿದ. “ನಿನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ ಇದೊಂದು ಆಗ್ಬೇಕಿತ್ತು” ಎಂದು ಗೊಣಗಿದ. ಮೊದಲ ಸಲ ಡಬ್ಬಿ ನಡುವೆಯೇ ಮಗುಚಿ, ಚೀಟಿ ಕೆಳಗೆ ಕಟಿಂಗ್ ಶಾಪಿನ ಯಾರೋ ಗಿರಾಕಿಯ ನೊರೆ ಹಚ್ಚಿದ ಕೆನ್ನೆಗೆ ಅಂಟಿತಂತೆ. ಡಬ್ಬಿಯ ಅಡಿಗೆ ಹಳೆಯ ಬೀಗ ತೂಗುಬಿಟ್ಟೆ. ನೆಟ್ಟಗಾಯಿತು.

ಹತ್ತು, ಭಾನುವಾರ.

ಉತ್ತರ ಬಂತು. ಟೈಪು ಮಾಡಿದ್ದು. “ತಮ್ಮ ಮೊಣಕಾಲಿನ ವಿಷಯ ತಿಳಿದು ವಿಷಾದವಾಯಿತು.” ವಿಷಾದವಂತೆ. ಮೂವತ್ತು ವರ್ಷ ಸಾಹೇಬರ ಕಾಗದ ಕುಟ್ಟಿದವಳು, ಇನ್ನು ಹೇಗೆ ಬರೆದಾಳು. ಒಬ್ಬಳೇ ಕೂತು ನಕ್ಕೆ. ಮತ್ತೆ ಐದು ಚೀಟಿ ಕಳಿಸಿದೆ.

ಹದಿನೇಳು, ಭಾನುವಾರ.

ಸೊಳ್ಳೆಗೆ, ಮುರಿದ ಕೊಡೆಗೆ ಎಂದು ಹೊಳೆದ ಉಪಾಯವನ್ನೆಲ್ಲ ಬರೆದು ನಾನು ದಿನಕ್ಕೆ ಐದು ಚೀಟಿ ಕಳಿಸಿದರೆ ಅವಳಿಂದ ನಾಲ್ಕು ಗಂಟೆಗೆ ಒಂದು. ಆಗಲಿ, ಒಂದಾದರೂ ಬರುತ್ತದಲ್ಲ.

ಮಗ ಹೇಳಿದ, “ಮೂವತ್ತಕ್ಕೆ ಲಾರಿ ಬರುತ್ತಮ್ಮ. ಹೊಸ ಮನೆಗೆ ಒಂದೂ ಮೆಟ್ಟಿಲಿಲ್ಲ. ನಿಂಗೋಸ್ಕರಾನೇ ಹುಡುಕಿದ್ದು.”

“ಕಿಟಕಿ ಎಷ್ಟು ದೊಡ್ಡದು ಗೊತ್ತಾ ಅತ್ತೆ” ಎಂದಳು ಸೊಸೆ.

“ಕಿಟಕಿ ಎದುರಿಗೆ ಏನಿದೆ?”

“ಕಾಂಪೌಂಡ್ ಗೋಡೆ.”

ಅಲ್ಲೂ ಇಬ್ಬರೂ ಎಂಟೂವರೆಗೆ ಹೊರಡುವವರೇ.

ಹದಿನೆಂಟು, ಸೋಮವಾರ.

ಕೇಳಿಯೇಬಿಟ್ಟೆ. ನಾಲ್ಕು ಕಾಗದ ಹರಿದೆ. ಎಪ್ಪತ್ತಾರು ವರ್ಷದಲ್ಲಿ ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. “ನಿನ್ನ ಹಿಂದಿನ ಕೋಣೆ ಖಾಲಿ ಇದೆ. ಮಗ ಮನೆ ಬದಲಿಸುತ್ತಾನೆ. ಮೂವತ್ತರ ಮೇಲೆ ನಾನು ನಿನ್ನ ಜೊತೆ ಇರಲೇ? ಹೂಂ ಅಂದರೆ ಅವನಿಗೆ ಹೇಳುತ್ತೇನೆ.”

ನಾಲ್ಕಕ್ಕೆ ಉತ್ತರ: “ಸೊಳ್ಳೆಗಳ ಬಗ್ಗೆ ತಾವು ಸೂಚಿಸಿದ ಉಪಾಯ ಪ್ರಯೋಜನಕಾರಿಯಾಗಿದೆ.”

ಇಪ್ಪತ್ತು, ಬುಧವಾರ.

ನಿನ್ನೆ ಕೊಡೆಯ ಕಡ್ಡಿಯ ವಿಷಯ. ಇಂದು ಅಂಗಿಯ ಗುಂಡಿ. ಬೇಡ ಎನ್ನಲು ಮುಖವಿಲ್ಲದೆ ಗುಂಡಿಯ ಮಾತು ತೆಗೆದಿದ್ದಾಳೆ. ಸರಿ. ಕಿಟಕಿ ಮುಚ್ಚಿದೆ. “ನನ್ನ ಟ್ರಂಕೂ ಕಟ್ಟು” ಎಂದೆ ಮಗನಿಗೆ. ಕೈ ಖಾಲಿ. ಹೊಸದೇನೂ ಹೊಳೆಯುತ್ತಿಲ್ಲ.

ಇಪ್ಪತ್ತೈದು, ಸೋಮವಾರ.

ಐದು ದಿನದ ಮೇಲೆ ಕಿಟಕಿ ತೆರೆದೆ. ಡಬ್ಬಿಯಲ್ಲಿ ಐದು ಕಾಗದ. ಇವತ್ತು ಕನ್ನಡಕ ಹಾಕಿಕೊಂಡು ಓದಿದೆ. ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ — “ತಮ್ಮ ಪತ್ರ ಸಂಖ್ಯೆ ಹದಿನಾರಕ್ಕೆ ಉತ್ತರ.”

ಒಮ್ಮೆ ಕಿಟಕಿಯಲ್ಲಿ ಜಂಬ ಕೊಚ್ಚಿದ್ದಳು, “ಒಂದು ಕಾಗದಕ್ಕೆ ಉತ್ತರ ಹೋಗೋವರ್ಗೂ ಇನ್ನೊಂದು ಒಡೀತಿರ್ಲಿಲ್ಲಕ್ಕ, ಇಡೀ ಆಫೀಸಲ್ಲಿ ನಾನೊಬ್ಳೇ.” ಪೆನ್ಷನ್ ಬಂದರೂ ಬುದ್ಧಿ ಬಿಟ್ಟಿಲ್ಲ. ಬೆರಳು ಮಡಿಸಿ ಎಣಿಸಿದೆ. ಕೋಣೆ ಕೇಳಿದ ಚೀಟಿ ನಲವತ್ತಮೂರನೆಯದು. ಇನ್ನೂ ಒಡೆದೇ ಇಲ್ಲ. ದಿನಕ್ಕೊಂದರಂತೆ ಅದರ ಸರದಿ ಬರುವ ತಿಂಗಳ ಇಪ್ಪತ್ತೆರಡಕ್ಕೆ. ಅಷ್ಟರಲ್ಲಿ ನಾನು ಗೋಡೆ ನೋಡುತ್ತಾ ಮೂರು ವಾರ ಆಗಿರುತ್ತದೆ.

ಇಪ್ಪತ್ತಾರು, ಮಂಗಳವಾರ. ಮೂರು ಮುಕ್ಕಾಲು.

ಇನ್ನೊಂದು ಚೀಟಿ ಹಾಕಿದರೆ ಅದೂ ಸಾಲಿನ ಕೊನೆಗೇ. ಸೊಸೆಯ ಬಿಳಿ ಬೆಡ್‌ಶೀಟ್ ತೆಗೆದೆ. ಬೂಟ್ ಪಾಲಿಶ್, ತೋರುಬೆರಳು, ಗೇಣುದ್ದದ ಅಕ್ಷರ. ಕ್ಲಿಪ್ಪು ಸಿಕ್ಕಿಸಿ ಹಗ್ಗಕ್ಕೇರಿಸಿ ಅರ್ಧ ದಾರಿ ಸಾಗಿಸಿದ್ದೇನೆ. ಕೆಳಗೆ ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಹೊರಗೆ ಬಂದು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದಾನೆ. ಓದಲಿ. ಓಣಿಯೆಲ್ಲ ಓದಲಿ. ಅವಳ ಕಿಟಕಿಯ ಚಿಲಕ ಅಲುಗಿತು... ಬರೆದಿರುವುದು ಇಷ್ಟೇ —

ನಲವತ್ತಮೂರನೆಯದನ್ನು ಈಗಲೇ ಒಡಿ. ಬರುವ ತಿಂಗಳು ಹುಟ್ಟುವ ಮೊದಲು ಉತ್ತರ ಕೊಡು.