ಮೌನದ ಗಡುವಿನ ಪಾಠ ಬರೆಯುವವರಿಗೆ

ಕಡಲೇರಿಕೆಯ ನೂರಾ ಎಂಟನೆಯ ವರ್ಷ,
ಎರಡನೆಯ ಆಷಾಢದ ಮೂವತ್ತೆರಡನೆಯ ದಿನ,
ಗಂಗೊಳ್ಳಿ ಮೇಲ್ದಡ

ಬಹುದೇಶ ಸಭೆಗಳಿಗೆ ರಾಯಭಾರಿಗಳನ್ನು ತಯಾರು ಮಾಡುವ ಹಿಂದಿನ ಕಾಲದ ಗುರುಗಳಿಗೆ,

ನಿನ್ನೆ ಮತ್ತೆ ಅದೇ ಕೆಟ್ಟ ಕನಸು ಬಿತ್ತು. ನನ್ನ ತಂಗಿಯ ಮಗಳು ಲಚ್ಚಿ ಸಭೆಯಲ್ಲಿ ಬಾಯಿ ತೆರೆಯುತ್ತಾಳೆ, ದನಿ ಹೊರಡುವುದಿಲ್ಲ. ಅಧ್ಯಕ್ಷರು ಸುತ್ತಿಗೆ ಬಡಿಯುತ್ತಾರೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅದರಲ್ಲೂ ಎರಡು ವರ್ಷ ನೀರು ನುಗ್ಗಿ ಶಾಲೆಯೇ ಇರಲಿಲ್ಲ. ನನ್ನ ಮಾತು ವಿಚಿತ್ರ ಕಂಡರೆ ಕ್ಷಮಿಸಬೇಕು. ಈ ಪತ್ರ ನಿಮಗೆ ಮುಟ್ಟುತ್ತದೋ ಇಲ್ಲವೋ, ಅದೂ ಒಂದು ಚಿಂತೆ.

ಇಲ್ಲಿನ ಕೂಟಶಾಲೆಯಲ್ಲಿ ನಾನು ಹುಸಿದೇಶದ ಕೆಲಸ ಮಾಡುತ್ತೇನೆ. ಹುಸಿದೇಶ ಎಂದರೆ, ಕಲಿಯುವ ರಾಯಭಾರಿಗಳ ಎದುರು ಯಾವುದೋ ದೇಶದ ಫಲಕ ಇಟ್ಟುಕೊಂಡು ಕೂತು, ಅವರು ಹೇಳಿದ್ದಕ್ಕೆಲ್ಲ ಅಡ್ಡ ಹೇಳುವವರು. ಬೆಳಿಗ್ಗೆ ಗಂಜಿ ಕುಡಿದು ನಾರ್ವೆಯಾಗುತ್ತೇನೆ, ಮಧ್ಯಾಹ್ನ ಮೀನುಸಾರು ಉಂಡು ಫಿಜಿ. ಓದು ಕಡಿಮೆಯಾದರೂ ಜಗಳ ಬರುತ್ತದೆ, ಅದಕ್ಕೇ ಇಟ್ಟುಕೊಂಡಿದ್ದಾರೆ. ಪಾಠಕ್ಕೆ ಇಂದಿಗೂ ನಿಮ್ಮ ಕೈಪಿಡಿಯೇ. ಯಾರೊಡನೆ ಚಹಾ ಕುಡಿಯಬೇಕು, ಒಂದು ಪದಕ್ಕಾಗಿ ಎಷ್ಟು ಹೊತ್ತು ಹಟ ಹಿಡಿಯಬೇಕು, ಎಲ್ಲ ಅದರಲ್ಲಿದೆ. ಮೌನದ ಗಡುವೂ ಇದೆ: ಕರಡು ಹಂಚಿದ ಮೇಲೆ, ಹೇಳಿದ ದಿನ ಸಂಜೆ ಆರರೊಳಗೆ ಆಕ್ಷೇಪ ಕಳಿಸದವರು ಒಪ್ಪಿದ ಹಾಗೆ.

ಹಿಂದಿನ ಕಡಲಕೂಟಕ್ಕೆ, ಅಂದರೆ ಅರವತ್ತಮೂರು ಕರಾವಳಿಗಳ ಸಭೆಗೆ, ನಮ್ಮ ಕಡೆಯಿಂದ ಇದೇ ಕೂಟಶಾಲೆಯಲ್ಲಿ ಕಲಿತ ರುಕ್ಕಕ್ಕ ಹೋಗಿದ್ದಳು. ನಮ್ಮ ಕಡಲಲ್ಲಿ ಮೂರು ವರ್ಷ ಬಲೆ ಬೀಸಬಾರದೆಂಬ ಕರಡು ಹಿಡಿದು ಊರಿಗೆ ಬಂದಳು. ದೋಣಿಗೊಬ್ಬರನ್ನು ಕೇಳದೆ ‘ಆಗದು’ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಕೊನೆಯ ದೋಣಿ ದಡ ಸೇರುವವರೆಗೆ ಕಾದು, ಐದೂವರೆಗೆ ಆಕ್ಷೇಪ ಕಳಿಸಿದಳು. ನಾನು ಪಕ್ಕದಲ್ಲೇ ಇದ್ದೆ. ತಡವಾಯಿತೆಂದು ಉತ್ತರ ಬಂತು.

“ಬಾಯಂಗೆ ಎಂತ ಇಟ್ಕಂಡಿದ್ದೆ ಮಾರಾಯ್ತಿ, ಬಂಗಡೆಯಾ?” ಎಂದು ದಡದವರು ಹಂಗಿಸಿದರು. “ನಿಮ್ ದೋಣಿ ಬಪ್ಪುಕೆ ಕಾದದ್ದೇ ತಪ್ಪಾಯ್ತಾ?” ಎಂದಳು ರುಕ್ಕಕ್ಕ. ಅಷ್ಟೇ, ಆಮೇಲೆ ಅವಳು ಕೂಟಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮೂರು ವರ್ಷ ನಮ್ಮ ಬಲೆಗಳು ಒಣಗಿದವು.

ಈಗ ಅದನ್ನೇ ಹತ್ತು ವರ್ಷಕ್ಕೆ ಎಳೆಯುವ ಕರಡು ಬರಲಿದೆ. ಹೋಗುವವಳು ಲಚ್ಚಿ. ಚೂಟಿ ಹುಡುಗಿ, ಆದರೆ ಕೈಪಿಡಿಯ ಗೆರೆ ದಾಟುವವಳಲ್ಲ. ಸಭೆ ನಡೆಯುವ ದ್ವೀಪದಲ್ಲಿ ಹೊತ್ತು ನಮಗಿಂತ ಎರಡೂವರೆ ತಾಸು ಮುಂದೆ, ರುಕ್ಕಕ್ಕನ ಐದೂವರೆ ಅಲ್ಲಿ ರಾತ್ರಿ ಎಂಟು ಎಂದು ಹೇಳಲು ಹೋದರೆ ಮೇಷ್ಟ್ರುಗಳು ನಕ್ಕರು. ಆರನೇ ಕ್ಲಾಸಿನವಳ ಮಾತು ಯಾರಿಗೆ ಬೇಕು? ಪುಸ್ತಕದಲ್ಲಿದ್ದರೆ ನಂಬುತ್ತಾರೆ.

ದೋಣಿದೋಣಿ ಕೇಳುವುದನ್ನು ಬಿಡಿ ಎಂದು ಮಾತ್ರ ಬರೆಯಬೇಡಿ, ಬೇಗ ಕೇಳಲು ಕಲಿಸಿ. ಮತ್ತೆ, ಮೂರನೆಯ ಪಾಠದಲ್ಲಿ ‘ಸಂಜೆ ಆರು’ ಎಂದಷ್ಟೇ ಇದೆ. ಅಚ್ಚಿಗೆ ಕೊಡುವ ಮೊದಲು, ಅದು ಯಾವ ಊರಿನ ಆರು ಎಂಬುದನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಮಂಕಾಳಿ ಖಾರ್ವಿ