ಮಲ್ಲು ಕೊಡುವ ನೀರು

ಮೆಹದಿಪಟ್ಟಣಂ, ಹೈದರಾಬಾದ್
ಮಾರ್ಚ್ 3, 2025

ನನ್ನ ಮುದ್ದಿನ ತಂಗಿ ಗದಿಗೆಮ್ಮನಿಗೆ,

ನಿನ್ನ ಅಕ್ಕ ಇನ್ನೂ ಗಟ್ಟಿಯಾಗಿದ್ದಾಳೆ, ಗಾಬರಿಯಾಗಬೇಡ. ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳುಹೋಳಿಗೆ ತಿಂದು ಮುಗಿಸಿ, ಡಬ್ಬಿ ತೊಳೆದಿಟ್ಟು, ಈಗ ಉತ್ತರ ಬರೆಯಲು ಕೂತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನನಗೆ ಹೇಳಲು ಬಾಯಿ ಬರುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ಮಲ್ಲುವನ್ನು ನೋಡಿಕೊಳ್ಳಲು ಒಬ್ಬ ಸಿಕ್ಕಿದ್ದಾನೆ. ಅಂಗವಿಕಲರ ಮನೆಗೇ ಆರೈಕೆಯವರನ್ನು ಕಳಿಸುವ ಹೊಸ ಏರ್ಪಾಡು ಇಲ್ಲಿ ಶುರುವಾಗಿದೆ. ಬರುವವನು ಹುಸೇನಪ್ಪ, ನಮ್ಮ ಮಾನ್ವಿ ಕಡೆಯವನೇ. ಸ್ನಾನ, ಬಟ್ಟೆ, ಊಟ ಎಲ್ಲ ಅವನದೇ. "ನೀವು ಕುಂದರ್ರಿ ಅವ್ವಾರ, ನಾ ಅದೀನಲ್ಲ," ಅನ್ನುತ್ತಾನೆ. ನಲವತ್ತು ದಾಟಿದ ಮಗನನ್ನು ಎತ್ತಿ ಎತ್ತಿ ನನ್ನ ಬಲಭುಜ ಸತ್ತೇಹೋಗಿತ್ತು. ಈಗ ತಲೆ ಬಾಚಿಕೊಳ್ಳುವಷ್ಟು ಕೈ ಮೇಲೇಳುತ್ತದೆ. ನಾನು ಬಿದ್ದರೆ ಅವನನ್ನು ಊರಾಚೆಯ ಯಾವುದೋ ಆಶ್ರಮಕ್ಕೆ ಸೇರಿಸುತ್ತಾರೆ ಎಂದು ಹೆದರಿ ನಿದ್ದೆಗೆಟ್ಟಿದ್ದೆ. ಆ ಹೆದರಿಕೆ ಈಗಿಲ್ಲ.

ಗದಿಗಿ, ನಮ್ಮವರು ಇದ್ದಾಗಿನ ಈ ಮನೆ ನೆನಪಿದೆಯಾ? ಅವರು ಸಿಕಂದರಾಬಾದಿನಿಂದ ಕೆಲಸ ಮುಗಿಸಿ ಬರುವಾಗ ಒಬ್ಬರೇ ಬಂದದ್ದು ಕಡಿಮೆ. ಊರ ಕಡೆಯಿಂದ ದವಾಖಾನೆಗೆ ಬಂದವರೆಲ್ಲ ಇಲ್ಲೇ ಇಳಿಯುತ್ತಿದ್ದರು. ಪಡಸಾಲೆ ತುಂಬ ಹಾಸಿಗೆ, ನಾನು ಬಡಿದ ರೊಟ್ಟಿಗೆ ಲೆಕ್ಕವಿಲ್ಲ. ಬಂದವರಿಗೆ ಮೊದಲು ನೀರು ಕೊಡಬೇಕು, ಆಮೇಲೆ ಮಾತು. ಆ ಕೆಲಸ ಮಲ್ಲುವೇ ಮಾಡಬೇಕೆಂದು ಅವರು ಹಟ ಹಿಡಿದರು. ಹುಟ್ಟಿದಾಗ ತಡವಾಗಿ ಅತ್ತ ಕೂಸು, ಬುದ್ಧಿ ಬೆಳೆಯಲಿಲ್ಲ, ಮಾತು ಬರಲಿಲ್ಲ, ಒಂದು ಕಾಲು ಎಳೆದೇ ನಡೆಯುತ್ತದೆ. ಇವನ ಕೈಗೆ ತುಂಬಿದ ತಂಬಿಗೆ ಕೊಡುತ್ತೀರಾ ಎಂದು ನಾನು ಜಗಳ ತೆಗೆದೆ. ಅವರು ಕೇಳಬೇಕಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬಾಗಿಲು ಬಡಿಯುವರು.

"ಮನ್ಯಾಗ ಯಾರ ಅದಾರ್ರಿ? ಬೀಗರು ಬಂದೀವಿ, ನೀರು ಕೊಡ್ರೆಪಾ."

ಮಲ್ಲು ಅಡುಗೆಮನೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ತಂಬಿಗೆ ನೆಲದ ಪಾಲು. ಉಳಿದದ್ದನ್ನು ಅವರು ತೀರ್ಥದ ಹಾಗೆ ಕುಡಿದು, ಮತ್ತೆ ಹೊರಗೆ ಹೋಗುವರು. ವರ್ಷಗಟ್ಟಲೆ ನೆಲ ಒರೆಸಿದವಳು ನಾನು. ಕಡೆಗೆ ಒಂದು ಹನಿ ಚೆಲ್ಲದೆ ಅವನು ನೀರು ತಂದುಕೊಟ್ಟದ್ದು ನಿನಗೇ. ನೀನು ಕುಡಿಯುವುದು ಬಿಟ್ಟು ಅಳುತ್ತ ನಿಂತೆ, ಅವನು ತಂಬಿಗೆ ಮುಂದೆ ಚಾಚುತ್ತಲೇ ಇದ್ದ. ನಮ್ಮವರು ಅವತ್ತು ಓಣಿಗೆಲ್ಲ ಜಿಲೇಬಿ ಹಂಚಿದರು.

ಆ ನೀರೇ ಮೊದಲ ಸಲ ನಮಗೆ ಅಡ್ಡ ಬಂತು ನೋಡು. ಆರೈಕೆಯವರನ್ನು ಕೊಡಬೇಕೋ ಬೇಡವೋ ಎಂದು ದಸರೆಯ ಹೊತ್ತಿಗೆ ಮಲ್ಲುವಿನ ಸ್ಥಿತಿ ನೋಡಿ ಬರೆದುಕೊಳ್ಳಲು ಒಬ್ಬ ಮೇಡಂ ಬಂದಿದ್ದರು. ಇವನು ಎದ್ದು ಹೋಗಿ ನೀರು ತಂದುಕೊಟ್ಟ. "ಚಾಲಾ ಬಾಗುಂದಮ್ಮಾ," ಎಂದು ತೆಲುಗಿನಲ್ಲಿ ಹೊಗಳಿದರು. ನನಗೂ ಹೆಮ್ಮೆ ಉಕ್ಕಿತು, "ಎಲ್ಲಾ ತಿಳಿತೈತ್ರಿ ಅವಂಗ," ಅಂದುಬಿಟ್ಟೆ. ಬಹಿರ್ದೆಸೆಗೆ ಹೋದರೆ ತೊಳೆದುಕೊಳ್ಳಲು ಬಾರದು ಎಂಬುದನ್ನು ಪರರ ಮುಂದೆ ಹೇಳಲು ನಾಚಿಕೆಯಾಯಿತು. ಇವನಿಗೆ ಆರೈಕೆಯವರು ಬೇಕಿಲ್ಲ ಎಂದು ಉತ್ತರ ಬಂತು.

ಮೇಲಿನ ಮನೆಯ ಉಮಾಶ್ರೀ ಹಣೆ ಚಚ್ಚಿಕೊಂಡಳು. "ಅಂಬಕ್ಕಾ, ಕಣ್ಣಿಗೆ ಕಂಡಿದ್ದ ಬರೀತಾರ ಅವ್ರು. ಚೊಲೊದು ತೋರ್ಸಿ ಕೆಲಸಾ ಕೆಡಿಸ್ಕೊಂಡ್ರಿ." ಮತ್ತೆ ಕೇಳಿಕೊಂಡದ್ದಕ್ಕೆ ಸಂಕ್ರಾಂತಿ ಆದ ಮೇಲೆ ಅದೇ ಮೇಡಂ ಬಂದರು. ಈ ಸಲ ಒಪ್ಪಿದರು.

ಯುಗಾದಿಗೆ ನೀನು ಬರಲೇಬೇಕು. ಹೊರಗೆ ಬಿಸಿಲು ಭಾಳ, ಬೆಳಗಿನ ಗಾಡಿಗೇ ಬಾ. ನಿನ್ನ ಕಿವಿಗೆ ಮಿಷನ್ ಹಾಕಿಸಿಕೋ, ಹಟ ಮಾಡಬೇಡ. ನಿನ್ನ ಮಕ್ಕಳು ಮೊಮ್ಮಕ್ಕಳು ಬೇವು ಕಡಿಮೆ, ಬೆಲ್ಲ ಹೆಚ್ಚು ತಿಂದು ನೂರು ಕಾಲ ಬಾಳಲಿ.

ನಿನ್ನ ಅಕ್ಕ,
ಅಂಬವ್ವ

ತಾ.ಕ.: ಎರಡನೇ ಸಲ ಹೇಗೆ ಒಪ್ಪಿದರು ಎಂದು ನೀನು ಕೇಳದೆ ಬಿಡುವವಳಲ್ಲ. ಅವತ್ತು ಬೆಳಿಗ್ಗೆ ನಾನು ತಂಬಿಗೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಮೇಡಂ ಬಂದು ಕೂತರು. ಮಲ್ಲು ಒಳಗೆ ಹೋಗಿ ಹುಡುಕಿದ, ಬಂದು ನನ್ನ ಸೆರಗು ಜಗ್ಗಿದ. "ಸುಮ್ನ ಕುಂದರು," ಎಂದು ಗದರಿಸಿದೆ. ಬರಿಗೈ ಚಾಚಿಕೊಂಡು ಅವರ ಮುಂದೆ ನಿಂತು ಅತ್ತ, ಅಳುತ್ತ ನಿಂತಲ್ಲೇ ಒಂದಕ್ಕೆ ಮಾಡಿಕೊಂಡ. ಅವರು ಕಂಡದ್ದನ್ನು ಬರೆದುಕೊಂಡು ಹೋದರು. ತಂಬಿಗೆಯನ್ನು ಅವತ್ತೇ ಹುಣಸೆಹಣ್ಣು ಹಚ್ಚಿ ಬೆಳಗಿ ಮೊದಲಿನ ಜಾಗದಲ್ಲಿ ಇಟ್ಟೆ. ಅವನು ಮುಟ್ಟುವುದಿಲ್ಲ. ಯಾರಾದರೂ ಬಂದರೆ ಎದ್ದು ನಿಲ್ಲುತ್ತಾನೆ, ನನ್ನ ಮುಖ ನೋಡುತ್ತಾನೆ, ಕೂತುಬಿಡುತ್ತಾನೆ. ನೀನು ಬಂದಾಗ ಒಳಗೆ ಬರಬೇಡ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ನಮ್ಮವರು ಕೇಳುತ್ತಿದ್ದ ಹಾಗೆ ನೀರು ಕೇಳು. ಎಷ್ಟು ಹೊತ್ತಾದರೂ ಕಾಯಿ. ಆಗ ನಾನು ಮೇಲೆ ಉಮಾಶ್ರೀಯ ಮನೆಯಲ್ಲಿ ಇರುತ್ತೇನೆ. ನನ್ನ ಮುಖ ಅವನಿಗೆ ಕಾಣುವುದು ಬೇಡ.