ಎಬ್ಬಿಸಬಾರದ ದಿನ

ಮನೆಯಿಂದ,
ಸೋಮವಾರ ಮಧ್ಯಾಹ್ನ

ದೂರದ ಹೊಲದಲ್ಲಿರುವ ನನ್ನ ಯಜಮಾನರಿಗೆ,

ಹೇಗಿದ್ದೀರಿ? ಸೊಂಟನೋವು ಹೇಗಿದೆ? ಹೊಟ್ಟಿನ ಧೂಳಿಗೆ ಕಣ್ಣು ಉರಿಯುತ್ತದೆ ಅಂದಿದ್ದಿರಿ, ಔಷಧಿ ಹಾಕಿಕೊಳ್ಳುತ್ತಿದ್ದೀರೋ ಇಲ್ಲವೋ? "ಹಾಕ್ಕೊಳ್ತೀನಿ ಬಿಡೇ" ಅನ್ನುವುದು ಬೇಡ, ಹಾಕಿಕೊಳ್ಳಿ. ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ.

ಸುಗ್ಗಿ ದಿನ ಹತ್ತಿರ ಬಂತಲ್ಲ, ನನಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿಲ್ಲ. ಶಾಲೆಯ ಮೆರವಣಿಗೆಗೆ ರೈತರ ವೇಷದ ಅಂಗಿ ಹೊಲಿಯುತ್ತಿದ್ದೇನೆ. ತಾಯಂದಿರಿಗೆ ಅಂಗಿ ಗರಿಗರಿಯಾಗಿರಬೇಕಂತೆ. ಇಸ್ತ್ರಿ ಮುರಿಯದ ಅಂಗಿಯಲ್ಲಿ ಯಾರು ಕೊಯ್ಲು ಮಾಡುತ್ತಾರೋ ನಾ ಕಾಣೆ, ನಿಮ್ಮ ನೀಲಿ ಅಂಗಿಯ ಗ್ರೀಸ್ ಕಲೆ ತಿಕ್ಕಿ ತಿಕ್ಕಿ ಸೋತವಳು ನಾನು. ಅವತ್ತು ದೇಶಕ್ಕೆಲ್ಲ ರಜೆ. ಕಟಾವು ಮಿಷನ್ ಓಡಿಸುವ ನಿಮಗೆ ಮಾತ್ರ ಇಲ್ಲ. ಇಲ್ಲಿಯ ಪೈರು ಮುಗಿದರೆ ಅಲ್ಲಿಯದು ಮಾಗಿರುತ್ತದೆ. ಮದುವೆಯಾದಾಗಿನಿಂದ ಒಂದು ಸುಗ್ಗಿ ದಿನವೂ ನಾವು ಒಟ್ಟಿಗೆ ಕೂತು ಊಟ ಮಾಡಿಲ್ಲ ರೀ. ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

ಮಗಳಿಗೆ ಸುಗ್ಗಿ ದಿನ ಹೇಗೆ ಶುರುವಾಯಿತು ಎಂದು ಪ್ರಬಂಧ ಬರೆಯಲು ಹೇಳಿದ್ದಾರೆ. ಪುಸ್ತಕದಲ್ಲಿ ಇರುವುದು ಧ್ವಜ, ಭಾಷಣ, ಹೊಸ ಕಾಳಿನ ಊಟ. ಅತ್ತೆ ಕೇಳಿಸಿಕೊಂಡು ನಕ್ಕರು. "ಊಟ ಆಮೇಲೆ ಬಂದಿದ್ದು ಕಣೇ ಪುಟ್ಟಿ, ಮೊದಲು ಇದ್ದಿದ್ದು ನಿದ್ದೆ" ಎಂದರು. ಕೊಯ್ಲಿನವರು ಬಗ್ಗಿದ ಸೊಂಟ ಎತ್ತದೆ ದುಡಿದು, ಕೊನೆಯ ಹೊರೆ ಕಟ್ಟಿ, ಹುಲ್ಲಿನ ಮೇಲೆಯೇ ಉರುಳಿಕೊಳ್ಳುತ್ತಿದ್ದರಂತೆ. ಮನೆಗೆ ನಡೆದು ಬರುವಷ್ಟೂ ಕಸುವು ಇರುತ್ತಿರಲಿಲ್ಲ. ಆಗ ಮನೆಯವರೇ ಹೊಲಕ್ಕೆ ಹೋಗಿ, ಮಲಗಿದವರ ಪಕ್ಕ ಕೂತು ನೊಣ ಓಡಿಸುತ್ತಾ, ಧಣಿಯೇ ಬಂದರೂ ಎಬ್ಬಿಸಲು ಬಿಡುತ್ತಿರಲಿಲ್ಲವಂತೆ. ಅವರಾಗಿ ಎದ್ದ ಮೇಲೆ ಬುತ್ತಿ ಬಿಚ್ಚುತ್ತಿದ್ದರು, ಅಷ್ಟೇ ಹಬ್ಬ. ಈಗ ನೋಡಿ, ಬೆಳಕು ಹರಿಯುವ ಮೊದಲೇ ಮೈಕ್ ಹಾಕಿ ಊರನ್ನೆಲ್ಲ ಎಬ್ಬಿಸುತ್ತಾರೆ!

ಮೊನ್ನೆ ಫೋನಿನಲ್ಲಿ ಮಗಳ ಹಲ್ಲು ಬಿದ್ದ ಕಥೆ ಹೇಳುತ್ತಿದ್ದೆ, ನೀವು ಹೂಂ ಹೂಂ ಅನ್ನುತ್ತಲೇ ಗೊರಕೆ ಹೊಡೆದಿರಿ. ನಾನು ಫೋನ್ ಇಡಲಿಲ್ಲ, ಸುಮ್ಮನೆ ಕೇಳುತ್ತಾ ಕೂತೆ. ಪಕ್ಕದಲ್ಲಿದ್ದಾಗ ಬೈದು ಮಗ್ಗುಲು ತಿರುಗಿಸುತ್ತಿದ್ದೆ. ಈಗ ಅದೇ ಗೊರಕೆ ಕೇಳಿ ಅಳು ಬಂತು. ಅಷ್ಟರಲ್ಲಿ ಯಾರೋ "ಏಳಪ್ಪಾ, ಗಾಡಿ ತೆಗಿ" ಎಂದು ಕೂಗಿದರು. ನನ್ನ ಮೈಯೆಲ್ಲ ಉರಿದುಹೋಯಿತು. ನಿದ್ದೆಗಣ್ಣಿನಲ್ಲಿ ಆ ಮಿಷನ್ ಹತ್ತುತ್ತೀರಲ್ಲ, ಏನಾದರೂ ಆದರೆ ನಾನು ಯಾರಿಗೆ ಹೇಳಿಕೊಳ್ಳಲಿ?

ಅತ್ತೆಯ ಆಶೀರ್ವಾದ, ಮಗಳ ಬೊಚ್ಚು ಬಾಯಿಯ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಬಾಯಿಬಡುಕಿ

ಮರೆತಿದ್ದೆ: ಫೋನಿನಲ್ಲಿ ಹೇಳಿದರೆ "ಬೇಡ, ಇಲ್ಲಿ ಬರೀ ಧೂಳು" ಅನ್ನುತ್ತೀರಿ, ಅದಕ್ಕೇ ಕಾಗದ. ಇದು ಕೈಸೇರುವ ಹೊತ್ತಿಗೆ ನಾನೂ ಮಗಳೂ ಬಸ್ಸಿನಲ್ಲಿರುತ್ತೇವೆ. ಅತ್ತೆಯೇ ಹೋಗು ಅಂದರು. ಸುಗ್ಗಿ ದಿನ ಒಂದು ಹೊತ್ತಾದರೂ ಬೇರೆಯವರು ಗಾಡಿ ಓಡಿಸಲಿ, ನಿಮ್ಮ ಮೇಸ್ತ್ರಿಗೆ ನಾನೇ ಹೇಳುತ್ತೇನೆ. ಬಸ್ ಸ್ಟ್ಯಾಂಡಿಗೆ ಬರಬೇಡಿ, ದಾರಿ ಕೇಳಿಕೊಂಡು ಬರುತ್ತೇವೆ. ನೀವು ಮಲಗಿರಿ. ನಾವು ಬಂದರೂ ಏಳಬೇಡಿ.